ಸೀಸದ ಗುಂಡಿಗೆ ತಾಮ್ರದ ತಳ

ಕೋವಿಯ ಗುಂಡಿಗೆ ಸೀಸವನ್ನು ಆರಿಸಿದ ಹಿಂದಿನವರ ಆಯ್ಕೆಗೆ ತಕ್ಕ ಕಾರಣಗಳಿದ್ದವು. ಸೀಸವು ಭಾರವಾದ ಲೋಹ. ಅದು 327 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗುವುದರಿಂದ ಸಾಧಾರಣ ಒಲೆಯ ಬೆಂಕಿಯಲ್ಲಿಯೂ ಕರಗಿಸಿ ಅಚ್ಚಿಗೆ ಹೊಯ್ಯಬಹುದು. ಮೃದುವಾದುದರಿಂದ ನಳಿಗೆಯ ಒಳಮೈಯನ್ನು ಅದು ಸವೆಯಿಸುವುದಿಲ್ಲ. ಆದರೆ ಒಂದು ಮಿತಿಯನ್ನು ಮೀರಿದಾಗ ಈ ಗುಣಗಳೇ ದೋಷಗಳಾಗುತ್ತವೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬ ರಸಾಯನಜ್ಞನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ ಮೇಲೆ ಗುಂಡಿನ ವೇಗ ಬಹಳವಾಗಿ ಹೆಚ್ಚಿತು. ಅದರೊಡನೆ ಸೀಸದ ದೌರ್ಬಲ್ಯವೂ ಬಯಲಾಯಿತು. ಸೈನ್ಯಗಳು ಗಟ್ಟಿ ಲೋಹದ ಕವಚ ತೊಡಿಸಿದ ಗುಂಡುಗಳನ್ನು ಬಳಕೆಗೆ ತಂದವು. ತಮ್ಮ ಗುಂಡುಗಳನ್ನು ತಾವೇ ಎರಕ ಹೊಯ್ಯುತ್ತಿದ್ದ ಅಮೆರಿಕದ ಗುರಿಕಾರರು ಮಾತ್ರ ಬೇರೊಂದು ಉಪಾಯವನ್ನು ಕಂಡುಕೊಂಡರು. ಗುಂಡಿನ ತಳಕ್ಕೆ ಮಾತ್ರ ತಾಮ್ರದ ಪುಟ್ಟ ಬಟ್ಟಲೊಂದನ್ನು ತೊಡಿಸುವುದೇ ಆ ಉಪಾಯ. 20ನೆಯ ಶತಮಾನದ ಮೊದಲ ದಶಕದಲ್ಲಿ ಬಳಕೆಗೆ ಬಂದ ಈ ಬಟ್ಟಲಿಗೆ 'ಗ್ಯಾಸ್ ಚೆಕ್', ಎಂದರೆ ಅನಿಲತಡೆ, ಎಂದು ಹೆಸರು.

ಇದು ತಡೆಯುವುದೇನನ್ನು? ಮದ್ದು ಉರಿದಾಗ ಗುಂಡಿನ ಹಿಂದೆ ಎರಡು ಸಾವಿರ ಡಿಗ್ರಿಗೂ ಮಿಕ್ಕ ಉಷ್ಣತೆಯ ಅನಿಲವು ಸಾವಿರಾರು ವಾತಾವರಣಗಳ ಒತ್ತಡದಿಂದ ನೂಕುತ್ತದೆ. ಇಷ್ಟು ಕಾವಿಗೆ ಸೀಸವು ಪೂರ್ತಿ ಕರಗಿಹೋಗಬೇಕಲ್ಲವೆ ಎಂದು ವಾಚಕರು ಕೇಳಬಹುದು. ಹಾಗಾಗುವುದಿಲ್ಲ, ಏಕೆಂದರೆ ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತು ಮಾತ್ರ. ಕಾವು ಒಳಗಿಳಿಯಲು ಅಷ್ಟು ಸಮಯ ಸಾಲದು. ಕೇಡಾಗುವುದು ಅಂಚಿನಲ್ಲಿ. ಗುಂಡಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು ದೊರೆತರೂ ಅನಿಲವು ಅದರಲ್ಲಿ ನುಗ್ಗಿ, ತಳದ ಅಂಚನ್ನು ಕೊರೆದು, ಕೊರೆದ ಸೀಸವನ್ನು ನಳಿಗೆಗೆ ಬಳಿಯುತ್ತದೆ. ಅಂಚು ಸೊಟ್ಟಗಾದ ಗುಂಡು ನೇರವಾಗಿ ಹೋಗಲಾರದು. 1085 ಡಿಗ್ರಿಯವರೆಗೂ ಕರಗದ ತಾಮ್ರವು ಆ ಅಂಚಿಗೆ ಕಾವಲಾಗಿ ನಿಲ್ಲುತ್ತದೆ.

ಇನ್ನು ಬಟ್ಟಲನ್ನು ತೊಡಿಸುವ ಬಗೆಯನ್ನು ನೋಡೋಣ. ಇದಕ್ಕಾಗಿ ಗುಂಡಿನ ತಳಭಾಗವನ್ನು ಕೊಂಚ ಸಣ್ಣದಾಗಿ ಎರಕ ಹೊಯ್ದಿರುತ್ತಾರೆ. ಬಟ್ಟಲನ್ನು ಅದಕ್ಕೆ ಓರೆಯಾಗದಂತೆ ತೊಡಿಸಿ, ಗುಂಡನ್ನು ಉಕ್ಕಿನ ಡೈಯೊಂದರ ತೂತಿನಲ್ಲಿ ನೂಕುತ್ತಾರೆ. ತೂತು ಬಿಗಿಯಾಗಿರುವುದರಿಂದ ಬಟ್ಟಲಿನ ಗೋಡೆ ಒಳಕ್ಕೆ ಅದುಮಲ್ಪಟ್ಟು ಸೀಸವನ್ನು ಹಿಡಿಯುತ್ತದೆ. ಕೆಲಸ ಇಲ್ಲಿಗೆ ಮುಗಿಯಿತೆಂದು ತೋರುವುದು ಸಹಜ. ಆದರೂ ಹೀಗೆ ತೊಡಿಸಿದ ಬಟ್ಟಲು ಎಷ್ಟೋ ವೇಳೆ ಉಗುರಿನಿಂದ ಎಳೆದರೆ ಕಳಚಿ ಬರುತ್ತದೆ.

ಇದರ ಕಾರಣವನ್ನು ತಿಳಿಯಲು ಎತ್ತಿನ ಗಾಡಿಯ ಚಕ್ರವನ್ನು ನೆನೆಯಬಹುದು. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ಯುತ್ತಿದ್ದನು. ತಣಿದ ಪಟ್ಟಿ ಮರಕ್ಕಿಂತ ಚಿಕ್ಕದಾಗಲು ಹವಣಿಸುವುದರಿಂದ ಹಿಡಿತ ಬಿಗಿಯಾಗುತ್ತಿತ್ತು. ಡೈಯಿಂದ ಹೊರಬಂದ ಬಟ್ಟಲಿನಲ್ಲಿ ನಡೆಯುವುದು ಇದಕ್ಕೆ ವಿರುದ್ಧವಾದುದು. ಅದುಮಿದ ಲೋಹವೆಲ್ಲವೂ ಒತ್ತಡ ತೆಗೆದ ಕೂಡಲೆ ಕೊಂಚ ಹಿಂದಕ್ಕೆ ಪುಟಿಯುತ್ತದೆ. ಒಳಗಿನ ಸೀಸವೂ ಪುಟಿಯುತ್ತದೆ, ಹೊರಗಿನ ತಾಮ್ರವೂ ಪುಟಿಯುತ್ತದೆ. ತಾಮ್ರವು ಸೀಸಕ್ಕಿಂತ ಹೆಚ್ಚು ಪುಟಿದರೆ ನಡುವೆ ಸಂದು ಉಳಿಯುತ್ತದೆ; ಕಡಮೆ ಪುಟಿದರೆ ಸೀಸವು ಬಟ್ಟಲನ್ನು ಒಳಗಿನಿಂದ ಒತ್ತಿ ಬಿಗಿಯಾಗಿ ನಿಲ್ಲುತ್ತದೆ. ಇಡೀ ಸಮಸ್ಯೆಯ ಗುಟ್ಟು ಇಷ್ಟೆ.

ತಾಮ್ರವು ಎಷ್ಟು ಪುಟಿಯುತ್ತದೆಂಬುದು ಅದರ ಹದವನ್ನು ಅವಲಂಬಿಸಿದೆ. ತಗಡನ್ನು ಬಟ್ಟಲಾಗಿ ಒತ್ತಿದಾಗ ತಾಮ್ರ ಗಡುಸಾಗುತ್ತದೆ. ಗಡುಸಾದ ತಾಮ್ರ ಸ್ಥೂಲವಾಗಿ ನಾಲ್ಕು ನೂರರಲ್ಲಿ ಒಂದು ಪಾಲು ಪುಟಿದರೆ, ಮೆತ್ತಗಾದ ತಾಮ್ರ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. 7.8 ಮಿಲಿಮೀಟರ್ ಅಡ್ಡಳತೆಯ ಗುಂಡಿನಲ್ಲಿ ಇದು ಕ್ರಮವಾಗಿ 0.02 ಮತ್ತು 0.004 ಮಿಲಿಮೀಟರ್ ಆಗುತ್ತದೆ. ಕಣ್ಣಿಗೆ ಕಾಣದ ಈ ಅಂತರವೇ ಬಿಗಿಗೂ ಸಡಿಲಿಗೂ ನಡುವಣ ಗಡಿ.

ಮೆತ್ತಗೆ ಮಾಡುವ ವಿಧಾನ ನಮ್ಮ ಕಂಚುಗಾರರಿಗೆ ಹೊಸದಲ್ಲ. ತಾಮ್ರದ ಕೊಡವನ್ನು ಬಡಿಯುತ್ತ ಹೋದಂತೆ ಅದು ಗಡುಸಾಗಿ ಬಿರಿಯುವ ಸ್ಥಿತಿಗೆ ಬರುತ್ತದೆ. ಆಗ ಅದನ್ನು ಮಸುಕಾಗಿ ಕೆಂಪಾಗುವವರೆಗೆ ಕಾಯಿಸಿ ಮತ್ತೆ ಬಡಿಯುತ್ತಾರೆ. ಕಾವಿನಲ್ಲಿ ಲೋಹದ ಹಳೆಯ ಹರಳುಗಳು ಅಳಿದು ಹೊಸ ಹರಳುಗಳು ಮೂಡುವುದೇ ಇದರ ಮರ್ಮ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುವುದಷ್ಟೆ. ತಾಮ್ರವು ಹಾಗಲ್ಲ, ಬೇಗ ತಣಿಸಿದರೂ ನಿಧಾನವಾಗಿ ತಣಿಸಿದರೂ ಅದು ಮೆತ್ತಗೇ ಉಳಿಯುತ್ತದೆ. ಅನಿಲತಡೆಗಳನ್ನೂ ಹೀಗೆಯೇ ಕಾಯಿಸಿ, ಮೇಲೆ ಕಟ್ಟಿದ ಕಪ್ಪು ಪೊರೆಯನ್ನು ಹುಳಿಯಲ್ಲಿ ತೊಳೆದು, ಒಣಗಿಸಿ ತೊಡಿಸುತ್ತಾರೆ. ಬಾಯಂಚನ್ನು ಕೊಂಚ ದಪ್ಪಗಿಟ್ಟ ಬಟ್ಟಲುಗಳೂ ಇವೆ. ಆ ಅಂಚು ಡೈಯಲ್ಲಿ ಸೀಸದೊಳಕ್ಕೆ ಕಚ್ಚಿಕೊಳ್ಳುತ್ತದೆ.

ಹದ ಸರಿಯಾಗಿದ್ದರೂ ಅಳತೆ ತಪ್ಪಬಾರದು. ತಳ ತೀರ ಸಣ್ಣದಾದರೆ ಡೈ ಅದುಮಿದರೂ ಹಿಡಿತ ದೊರೆಯದು. ದಪ್ಪವಾದರೆ ಬಟ್ಟಲಿನ ಅಂಚು ಸೀಸವನ್ನು ಹೆರೆದು, ಆ ಹೆರೆ ಅಡಿಯಲ್ಲಿ ಸಿಕ್ಕಿ ಬಟ್ಟಲು ಓರೆಯಾಗಿ ಕೂರುತ್ತದೆ. ಪರೀಕ್ಷೆ ಸುಲಭ: ಬಟ್ಟಲಿಗೂ ಸೀಸಕ್ಕೂ ಸೇರಿದಂತೆ ಒಂದು ಗೆರೆ ಗೀರಿ ತಿರುಚಬೇಕು. ಗೆರೆಯ ಎರಡು ತುಂಡುಗಳು ಬೇರೆಯಾದರೆ ಹಿಡಿತ ಸಾಲದೆಂದು ಅರ್ಥ.

ಸಡಿಲಾದ ಬಟ್ಟಲಿನಿಂದ ಗುರಿ ತಪ್ಪುವುದು ಸಣ್ಣ ನಷ್ಟ. ಅದು ಕಳಚಿ ನಳಿಗೆಯಲ್ಲಿಯೇ ಉಳಿದರೆ ಮುಂದಿನ ಗುಂಡು ಅದಕ್ಕೆ ತಾಗಿ ನಳಿಗೆ ಉಬ್ಬಬಹುದು, ಬಿರಿಯಲೂಬಹುದು. ಕರಗಿದ ಸೀಸದ ಆವಿಯೂ ಧೂಳೂ ವಿಷವೆಂಬುದನ್ನು ಮರೆಯಬಾರದು. ನಮ್ಮ ದೇಶದಲ್ಲಂತೂ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನೆಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದುದರಿಂದ ವಾಚಕರು ಇದನ್ನು ಕೈಕೆಲಸವೆಂದಲ್ಲ, ಲೋಹದ ಸ್ವಭಾವವನ್ನು ಕುರಿತ ಪಾಠವೆಂದೇ ಗ್ರಹಿಸಬೇಕು. ಗಡುಸಾದುದೇ ಗಟ್ಟಿಯಾಗಿ ಹಿಡಿಯುತ್ತದೆಂದು ನಾವು ಎಣಿಸುತ್ತೇವೆ. ಆದರೆ ಅದುಮಿ ತೊಡಿಸುವ ಕೆಲಸದಲ್ಲಿ ಹಿಡಿತ ಬಿಡದಿರುವುದು ಮೆತ್ತಗಾದ ಲೋಹವೇ.