‘ಅನುದಾನ ಬಂದಿಲ್ಲ’ ಎಂಬುದು ಉತ್ತರವಲ್ಲ

ಹಾನಗಲ್ಲ, ಶಿಗ್ಗಾಂವಿ, ಸವಣೂರಿನಲ್ಲಿ ಪುರಸಭೆಗಳಿವೆ, ಹಿರೇಕೆರೂರಿನಲ್ಲಿ ಪಟ್ಟಣ ಪಂಚಾಯಿತಿ. ನಾಲ್ಕೂ ನಡೆಯುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಅಡಿ. ಇಂಥ ಊರುಗಳಲ್ಲಿ ಗಟಾರ ತುಂಬಿದೆ ಎಂದು ದೂರು ಕೊಟ್ಟರೆ ‘ಅನುದಾನ ಬಂದಿಲ್ಲ’ ಎಂದು ಕೈಚೆಲ್ಲುವುದು ವಾಡಿಕೆ. ಕಾನೂನಿನ ಮುಂದೆ ಈ ಮಾತು ನಿಲ್ಲುವುದಿಲ್ಲ. ಮಧ್ಯಪ್ರದೇಶದ ರತ್ಲಾಂ ಪುರಸಭೆಯೂ ಇದೇ ಸಬೂಬು ಹೇಳಿತ್ತು. ಬೊಕ್ಕಸ ಖಾಲಿ ಎಂದು ಚರಂಡಿ, ಶೌಚಾಲಯದಂಥ ಮೂಲ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆ ಪ್ರಕರಣ ಶುರುವಾದದ್ದು ಬಡಾವಣೆಯ ಜನ ದಂಡಾಧಿಕಾರಿಗೆ ಕೊಟ್ಟ ಅರ್ಜಿಯಿಂದ. ಅದೇ ಅವಕಾಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ.

ಆದರೆ ಬರಿ ತೀರ್ಪು ಹಿಡಿದು ಹೋದರೆ ಸಾಲದು. ಯಾವ ನಿಧಿಯಲ್ಲಿ ಹಣವಿಲ್ಲ ಎಂದು ಕೇಳಬೇಕು. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಸಣ್ಣ ಪಟ್ಟಣಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ. 60ರಷ್ಟು ನಿರ್ಬಂಧಿತ: ಅರ್ಧ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಅದರಲ್ಲಿ ಸಂಬಳ ಕೊಡುವಂತಿಲ್ಲ. ಇನ್ನು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ ಸ್ಥಳೀಯ ಸಂಸ್ಥೆಯ ಸ್ವಂತ ಆದಾಯ. ಅದರಲ್ಲಿ ಶೇ. 24.10 ಪರಿಶಿಷ್ಟರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಮೀಸಲು. ಊರಿನ ಆರ್ಥಿಕ ಆರೋಗ್ಯ ತಿಳಿಯಬೇಕಾದರೆ ನನ್ನ ಪ್ರಕಾರ ಬಜೆಟ್ ಪುಸ್ತಕಕ್ಕಿಂತ ಬೇಡಿಕೆ, ವಸೂಲಿ, ಬಾಕಿಯ ತಃಖ್ತೆಯೇ ಮೇಲು. ಬಜೆಟ್ಟಿನಲ್ಲಿರುವುದು ಅಂದಾಜು, ಯಾವ ಮಳಿಗೆಯ ಬಾಡಿಗೆ ಎಷ್ಟು ವರ್ಷದಿಂದ ಬಂದಿಲ್ಲ ಎಂಬುದು ಬಾಕಿ ಪಟ್ಟಿಯಲ್ಲಿ ಬಯಲಾಗುತ್ತದೆ. ಜೊತೆಗೆ ಲೆಕ್ಕಪರಿಶೋಧನಾ ವರದಿಯ ಆಕ್ಷೇಪಣೆಗಳನ್ನೂ ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಕಾಗದವಷ್ಟೇ ಅಲ್ಲ, ನಡೆಯುತ್ತಿರುವ ಕಾಮಗಾರಿಯನ್ನು ಪರಿಶೀಲಿಸಿ ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕಾಯ್ದೆಯ 2(ಜೆ) ಕಲಂ ಕೊಟ್ಟಿದೆ.

ಸಿಬ್ಬಂದಿಯೇ ಇಲ್ಲದ ಕಚೇರಿಗೆ ಅರ್ಜಿಗಳ ಕಾಟವೇಕೆ ಎನ್ನುವವರಿದ್ದಾರೆ. 4ನೇ ಕಲಮಿನಂತೆ ಲೆಕ್ಕವನ್ನು ತಾನಾಗಿಯೇ ಪ್ರಕಟಿಸಿದರೆ ಅರ್ಜಿಗಳು ತಾವಾಗಿಯೇ ಇಳಿಯುತ್ತವೆ. ತೆರಿಗೆ ಕಟ್ಟದವರು ಲೆಕ್ಕ ಕೇಳಬಹುದೇ? ಕೇಳಬಹುದು, ಹಕ್ಕು ನಾಗರಿಕನದು, ರಸೀದಿಯದಲ್ಲ. ಆದರೂ ಈ ಆಕ್ಷೇಪದಲ್ಲಿ ತಿರುಳಿದೆ: ಲೆಕ್ಕ ಕೇಳುವವರು ತಮ್ಮ ತೆರಿಗೆಯನ್ನೂ ಸಕಾಲಕ್ಕೆ ಕಟ್ಟಬೇಕು. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿಯೂ ಉಂಟು. ಆದಾಯಕ್ಕಾಗಿ ವಾಣಿಜ್ಯ ಸಂಕೀರ್ಣ ಕಟ್ಟಿದರೆ ತಪ್ಪೇನು ಎಂಬ ಮೂರನೆಯ ಪ್ರಶ್ನೆಗೆ ಸವಣೂರನ್ನೇ ನೋಡಬೇಕು. 2010ರ ಜುಲೈನಲ್ಲಿ, ಸಂಕೀರ್ಣಕ್ಕಾಗಿ ಎತ್ತಂಗಡಿಯ ಭೀತಿ ಎದುರಿಸಿದ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಆದಾಯ ಹೆಚ್ಚಿಸುವ ಯೋಜನೆಗೂ ಮೊದಲು ಅದರ ಬೆಲೆ ತೆರುವವರ ಮಾತು ಕೇಳಬೇಕಿತ್ತು.

ಅಂಥ ಮಾತಿಗೆ ಜಾಗ ಬಜೆಟ್ ಪೂರ್ವಭಾವಿ ಸಭೆ. ಅದರ ದಿನಾಂಕವನ್ನು ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಬೇಡಿಕೆಯನ್ನು ಬರಹದಲ್ಲೇ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ.