ಹಸುವಿನ ಹೊಟ್ಟೆ ಉಬ್ಬಿದಾಗ: ಎಣ್ಣೆಗೂ ಮೊದಲು ನೋಡಬೇಕಾದ್ದು

ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೇವು ಹುದುಗುತ್ತ ಇಂಗಾಲದ ಡೈಆಕ್ಸೈಡ್, ಮಿಥೇನ್ ಅನಿಲಗಳು ಸದಾ ಹುಟ್ಟುತ್ತಿರುತ್ತವೆ. ದನ ಅವನ್ನು ತೇಗಿ ಹೊರಹಾಕುತ್ತದೆ. ತೇಗು ನಿಂತರೆ ಹೊಟ್ಟೆ ಉಬ್ಬಿ, ವಪೆಯನ್ನು ಮುಂದೊತ್ತಿ, ಶ್ವಾಸಕೋಶಕ್ಕೆ ಜಾಗವಿಲ್ಲದಂತೆ ಮಾಡುತ್ತದೆ. ಉಬ್ಬರ ಬಂದ ಹಸು ಸಾಯುವುದು ಉಸಿರುಕಟ್ಟಿ. ತೀವ್ರವಾದರೆ ಎರಡರಿಂದ ನಾಲ್ಕು ಗಂಟೆಯೊಳಗೆ ಎಲ್ಲ ಮುಗಿದಿರುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು, ಬೇರಂಬಾಡಿ, ಹಂಗಳದ ಕಡೆ ಉಬ್ಬರ ಬರಲು ಎರಡು ದಾರಿಗಳಿವೆ. ಬೇಸಿಗೆಯಿಡೀ ಒಣಹುಲ್ಲು ತಿಂದ ದನ ಮಳೆ ಬಿದ್ದ ಮೇಲೆ ಎಳೆ ಅಲಸಂದೆ, ಹೆಸರು, ಹುರುಳಿಯ ಹೊಲಕ್ಕೆ ನುಗ್ಗಿದರೆ ಹೊಟ್ಟೆಯೊಳಗೆ ನೊರೆ ಕಟ್ಟುತ್ತದೆ. ಅನಿಲ ನೊರೆಯಲ್ಲಿ ಸಿಕ್ಕಿಕೊಂಡು ತೇಗಾಗಿ ಬರುವುದಿಲ್ಲ. ಇನ್ನೊಂದು, ಬೆಲೆ ಬಿದ್ದಾಗ ಹೊಲದಲ್ಲೇ ಬಿಟ್ಟ ತರಕಾರಿಗೆ ದನ ಬಿಡುವುದು. ಬೀಟ್‌ರೂಟ್ ಗೆಡ್ಡೆಯೋ ಕೋಸಿನ ದಂಟೋ ಅಗಿಯದೆ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಅನಿಲಕ್ಕೆ ದಾರಿಯೇ ಮುಚ್ಚುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಚಿಕಿತ್ಸೆ ಮಾತ್ರ ಬೇರೆ ಬೇರೆ.

ಎಡ ಮಗ್ಗುಲಲ್ಲಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಇರುವ ಗುಳಿ ತುಂಬಿ, ಬೆನ್ನಿನ ಮಟ್ಟಕ್ಕೆ ಏರಿದ್ದರೆ ಅದೇ ಉಬ್ಬರ. ಬೆರಳಿನಿಂದ ತಟ್ಟಿದರೆ ತಮಟೆಯ ಸದ್ದು ಬರುತ್ತದೆ. ದನ ಮೇವು ಬಿಟ್ಟು, ಹೊಟ್ಟೆಗೆ ಒದ್ದುಕೊಂಡು, ಮಲಗಿ ಎದ್ದು ಮಾಡುತ್ತದೆ. ಬಾಯಿ ತೆರೆದು, ನಾಲಿಗೆ ಚಾಚಿ ಉಸಿರಾಡುತ್ತಿದ್ದರೆ ಹೊತ್ತು ಮೀರುತ್ತಿದೆ ಎಂದರ್ಥ.

ಮೊದಲು 1962ಕ್ಕೆ ಫೋನ್ ಮಾಡಬೇಕು. ಇದು ಪಶು ಸಂಜೀವಿನಿ ಸಂಚಾರಿ ಚಿಕಿತ್ಸಾಲಯದ ಉಚಿತ ಸಂಖ್ಯೆ. ಊರಿನ ಪಶುವೈದ್ಯರ ನಂಬರ್ ಇದ್ದರೆ ಅವರಿಗೂ ತಿಳಿಸಬೇಕು. ನಾಟಿ ಮದ್ದೆಲ್ಲ ಮುಗಿದ ಮೇಲೆ ಫೋನ್ ಮಾಡುವುದು ಬಹುತೇಕ ಮನೆಗಳ ರೂಢಿ. ಅಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ.

ವೈದ್ಯರು ಬರುವ ತನಕ ದನವನ್ನು ಮಲಗಲು ಬಿಡಬಾರದು. ಮುಂಗಾಲು ಎತ್ತರದಲ್ಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಬೇಕು. ಹೆಬ್ಬೆರಳು ದಪ್ಪದ ಬೇವಿನ ಕಡ್ಡಿಯನ್ನು ಬಾಯಿಗೆ ಅಡ್ಡವಿಟ್ಟು ಎರಡೂ ತುದಿಗೆ ಹಗ್ಗ ಹಾಕಿ ಕೊಂಬಿಗೆ ಕಟ್ಟಬೇಕು. ದನ ಅದನ್ನು ಜಗಿಯುತ್ತ ಜೊಲ್ಲು ನುಂಗುತ್ತದೆ. ಜೊಲ್ಲಿನಿಂದ ನೊರೆ ಒಡೆಯುವುದಕ್ಕೆ ಸಹಾಯವಾಗುತ್ತದೆ, ತೇಗೂ ಬರಬಹುದು.

ಎಣ್ಣೆ ಕುಡಿಸುವ ಮುನ್ನ ಗಂಟಲು ನೋಡುವುದನ್ನು ಹೆಚ್ಚಿನವರು ಮರೆಯುತ್ತಾರೆ. ಕತ್ತು ಚಾಚಿಕೊಂಡು ಜೊಲ್ಲು ಸುರಿಸುತ್ತಿದ್ದರೆ, ಕುಡಿದ ನೀರು ಮೂಗಿನಿಂದ ವಾಪಸು ಬಂದರೆ, ಕತ್ತಿನ ಎಡಭಾಗದಲ್ಲಿ ಗಂಟು ಕೈಗೆ ಸಿಕ್ಕಿದರೆ ಗಂಟಲಲ್ಲಿ ಏನೋ ಸಿಕ್ಕಿದೆ. ಆಗ ಎಣ್ಣೆ, ನೀರು ಏನನ್ನೂ ಕುಡಿಸುವಂತಿಲ್ಲ. ಬಾಯೊಳಗೆ ಕೈ ಹಾಕಿ ತೆಗೆಯುವ ಸಾಹಸವೂ ಬೇಡ. ಹುಚ್ಚುನಾಯಿ ಕಚ್ಚಿದ ಹಸುವೂ ಹೀಗೆಯೇ ನುಂಗಲಾರದೆ ಜೊಲ್ಲು ಸುರಿಸುತ್ತದೆ. ಅಂಥ ಅನುಮಾನವಿದ್ದು ಜೊಲ್ಲು ನಿಮ್ಮ ಮೈಮೇಲಿನ ಗಾಯಕ್ಕೆ ತಾಗಿದ್ದರೆ ಸೋಪು ಹಾಕಿ ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ದನ ಸಲೀಸಾಗಿ ನುಂಗುತ್ತಿದೆ, ಎಳೆ ಹಸಿರು ಮೇದಿದೆ ಎಂದು ಖಾತ್ರಿಯಾದರೆ ಎಣ್ಣೆ ಕೊಡಬಹುದು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದರೂ ಸರಿ. ದೊಡ್ಡ ಹಸುವಿಗೆ 300ರಿಂದ 500 ಮಿಲಿ, ಕುರಿ ಆಡಿಗೆ 50 ಮಿಲಿ ಸಾಕು. ಎಣ್ಣೆ ಒಳ್ಳೆಯದೇ, ಅನಾಹುತವಾಗುವುದು ಕುಡಿಸುವ ರೀತಿಯಲ್ಲಿ. ಇಬ್ಬರು ಮೂಗುದಾರ ಹಿಡಿದು ತಲೆಯನ್ನು ಆಕಾಶಕ್ಕೆ ಎತ್ತುತ್ತಾರೆ, ಮೂರನೆಯವರು ನಾಲಿಗೆ ಎಳೆದು ಹಿಡಿಯುತ್ತಾರೆ, ನಾಲ್ಕನೆಯವರು ಗೊಟ್ಟವನ್ನು ಗಂಟಲೊಳಗೇ ತೂರಿಸಿ ಗಳಗಳನೆ ಸುರಿಯುತ್ತಾರೆ. ನಾಲಿಗೆ ಎಳೆದು ಹಿಡಿದರೆ ದನ ನುಂಗಲಾರದು. ಸುರಿದ ಎಣ್ಣೆ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ. ಸಂಜೆ ಉಬ್ಬರ ಇಳಿದು ಎಲ್ಲರೂ ಸಮಾಧಾನಪಟ್ಟಿರುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಕೆಮ್ಮು, ಜ್ವರ, ಉಸಿರಿನಲ್ಲಿ ಕೆಟ್ಟ ವಾಸನೆ ಶುರುವಾಗುತ್ತದೆ. ಶ್ವಾಸಕೋಶ ಕೊಳೆತ ಮೇಲೆ ಹಸು ಉಳಿಯುವುದು ಅಪರೂಪ. ದೃಷ್ಟಿ ತಾಗಿ ಸತ್ತಿತು ಎಂದುಕೊಳ್ಳುವ ಎಷ್ಟೋ ಸಾವಿಗೆ ಗೊಟ್ಟವೇ ಕಾರಣ.

ಸರಿಯಾದ ಕ್ರಮದಲ್ಲಿ ದನ ನಿಂತಿರಬೇಕು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ನಾಲಿಗೆ ಮುಟ್ಟಬಾರದು. ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಜಾಗದಿಂದ ಗೊಟ್ಟದ ತುದಿ ಇಟ್ಟು ಒಂದು ಗುಟುಕು ಹಾಕಬೇಕು, ನುಂಗಿದ್ದು ಕಂಡ ಮೇಲೆ ಇನ್ನೊಂದು. ಕೆಮ್ಮಿದರೆ ತಕ್ಷಣ ತಲೆ ಬಿಡಬೇಕು. ಗಾಜಿನ ಬಾಟಲಿ ಹಲ್ಲಿಗೆ ಸಿಕ್ಕಿ ಒಡೆಯುತ್ತದೆ, ಪ್ಲಾಸ್ಟಿಕ್ ಬಾಟಲಿ ವಾಸಿ. ಮಲಗಿಬಿಟ್ಟ ದನಕ್ಕೆ ಕುಡಿಸಲೇಬಾರದು.

ಸೀಮೆಎಣ್ಣೆ, ಸೋಪಿನ ಪುಡಿ ಬೇಡ. ಟರ್ಪೆಂಟೈನ್ ಅನ್ನು ವೈದ್ಯರು ಹೇಳದೆ ಕೊಟ್ಟರೆ ಬಾಯಿ, ಗಂಟಲು ಸುಡುತ್ತದೆ, ಹಾಲೂ ನಾರುತ್ತದೆ. ಎಡ ಮಗ್ಗುಲಿಗೆ ಚುಚ್ಚಿ ಗಾಳಿ ಬಿಡುವುದು ವೈದ್ಯರು ಟ್ರೊಕಾರ್ ಎಂಬ ಉಪಕರಣದಿಂದ ಮಾಡುವ ಕೆಲಸ. ಮನೆಯ ಚಾಕುವಿನಿಂದ ಚುಚ್ಚಿದರೆ ಹೊಟ್ಟೆಯಲ್ಲಿರುವುದು ಒಳಗೇ ಸೋರಿ ಕೀವಾಗುತ್ತದೆ.

ಉಬ್ಬರದಂತೆ ಕಾಣುವ ಇನ್ನೆರಡು ಕಾಯಿಲೆಗಳಿವೆ. ಮದುವೆಮನೆಯ ಮಿಕ್ಕ ಅನ್ನ, ರಾಗಿ, ಮುಸುಕಿನ ಜೋಳ ಹೊಟ್ಟೆ ಬಿರಿಯ ತಿಂದ ದನಕ್ಕೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ. ಕೆಲವು ಗಂಟೆಗಳ ಮೇಲೆ ಹುಳಿ ವಾಸನೆಯ ನೀರು ಸೆಗಣಿ, ತೂರಾಟ. ಇದಕ್ಕೆ ಎಣ್ಣೆ ಮದ್ದಲ್ಲ. ಅಡುಗೆ ಸೋಡ ಎಷ್ಟು ಕೊಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಎಳೆ ಜೋಳ ಅಥವಾ ಕೂಳೆಯ ಚಿಗುರು ಮೇದ ಸ್ವಲ್ಪ ಹೊತ್ತಿಗೇ ನಡುಗಿ, ಏದುಸಿರು ಬಿಟ್ಟು ಬಿದ್ದರೆ ಅದು ಸಯನೈಡ್ ವಿಷ. ಇಂಜೆಕ್ಷನ್ ಒಂದೇ ದಾರಿ.

ಮುಂಜಾಗ್ರತೆ ಇಷ್ಟು: ಹಸಿರಿಗೆ ಬಿಡುವ ಮುಂಚೆ ಒಣಹುಲ್ಲು ಹಾಕುವುದು, ಹೊಸ ಮೇವನ್ನು ದಿನದಿನಕ್ಕೆ ಏರಿಸುವುದು, ಗೆಡ್ಡೆ ತರಕಾರಿ ಕೊಚ್ಚಿ ಹಾಕುವುದು, ಜೋಳ ಹೂ ಬರುವ ತನಕ ಮೇಯಿಸದಿರುವುದು. ರಾಶಿ ಬಿದ್ದ ಸಣ್ಣ ಈರುಳ್ಳಿಯನ್ನೂ ದನಕ್ಕೆ ಸುರಿಯಬಾರದು, ರಕ್ತ ಒಡೆದು ಮೂತ್ರ ಕೆಂಪಾಗುತ್ತದೆ. ಕುರಿ ಆಡುಗಳಿಗೆ ಕರುಳುಬೇನೆ ಲಸಿಕೆ ಮುಂಗಾರಿಗೆ ಮೊದಲೇ ಆಗಬೇಕು.