ನಕ್ಷೆಯನ್ನು ತಿದ್ದಲು ಕೊಡು

ಸಿಸ್ಟಮ್ಸ್ ಅನಲಿಸ್ಟ್ ಆಗಿ ಕೆಲಸಕ್ಕೆ ಸೇರಿದ್ದೀಯ, ಸಂತೋಷ. ವಾಟರ್‌ಫಾಲ್ ಕಾಲ ಮುಗಿಯಿತು, ಈಗೆಲ್ಲ ಅಜೈಲ್ ಅಂತ ಯಾರಾದರೂ ಬೇಗನೇ ಹೇಳುತ್ತಾರೆ. ತಲೆಯಾಡಿಸುವ ಮೊದಲು ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು ಹುಡುಕಿ ಓದು. ಒಂದು ಸಂಜೆ ಸಾಕು. ಹಂತಹಂತವಾಗಿ ಕೆಳಗಿಳಿಯುವ ಆ ಪ್ರಸಿದ್ಧ ಚಿತ್ರ ಅದರಲ್ಲಿದೆ. ಅದರ ಬೆನ್ನಿಗೇ, ಹೀಗೆ ಮಾಡುವುದು ಅಪಾಯ, ಸೋಲನ್ನು ಕರೆದಂತೆ ಎಂದು ರಾಯ್ಸ್ ಎಚ್ಚರಿಸಿದ್ದಾರೆ. ಹೊಸ ಬಗೆಯ ಕೆಲಸವಾದರೆ ಎರಡು ಸಲ ಕಟ್ಟಿ, ಗಿರಾಕಿಯನ್ನು ಜೊತೆಗಿಟ್ಟುಕೊಳ್ಳಿ ಎಂದೂ ಹೇಳಿದ್ದಾರೆ. ಉದ್ಯಮದ ಬಹುಪಾಲು ಜನ ಚಿತ್ರವನ್ನು ಎತ್ತಿಕೊಂಡರು, ಪುಟ ತಿರುವಲಿಲ್ಲ.

ಆಮೇಲೆ ಬಂದ ವಿಧಾನಗಳನ್ನೆಲ್ಲ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ಮಾದರಿಯನ್ನು ತಿದ್ದುವ ಹಕ್ಕು ಯಾರಿಗಿದೆ? ಪೀಟರ್ ಚೆನ್ 1976ರಲ್ಲಿ ಕೊಟ್ಟ ಇ-ಆರ್ ಮಾದರಿ, 1997ರಲ್ಲಿ ಸ್ಟ್ಯಾಂಡರ್ಡ್ ಆದ ಯುಎಂಎಲ್, ಎರಡನ್ನೂ ಚೆನ್ನಾಗಿ ಕಲಿ. ಆದರೆ ಅವುಗಳ ಗುರುತು ಬಲ್ಲವರಷ್ಟೇ ಅವುಗಳಲ್ಲಿ ತಪ್ಪು ಹಿಡಿಯಬಲ್ಲರು. ಲ್ಯಾಂಕಾಸ್ಟರ್‌ನ ಪೀಟರ್ ಚೆಕ್‌ಲ್ಯಾಂಡ್ ಬೇರೆ ದಾರಿ ಹಿಡಿದರು: ಕಚೇರಿಯ ಜನ, ಅವರ ಆತಂಕ, ಜಗಳ ಎಲ್ಲವನ್ನೂ ಕೈಯಲ್ಲೇ ಗೀಚುವ ರಿಚ್ ಪಿಕ್ಚರ್. 2001ರ ಅಜೈಲ್ ಪ್ರಣಾಳಿಕೆಯವರು ಓಡುವ ತಂತ್ರಾಂಶವನ್ನೇ ಮತ್ತೆಮತ್ತೆ ಬಳಕೆದಾರರ ಮುಂದಿಡಿ ಎಂದರು.

ನಮ್ಮ ಪಹಣಿಯನ್ನೇ ತೆಗೆದುಕೋ. ಇ-ಆರ್ ನಕ್ಷೆಯಲ್ಲಿ ‘ಮಾಲೀಕ’ ಒಂದು ಚೌಕ, ‘ಸರ್ವೆ ನಂಬರ್’ ಇನ್ನೊಂದು, ನಡುವೆ ಒಂದು ಗೆರೆ. ತರಗತಿಯಲ್ಲಿ ಪೂರ್ತಿ ಅಂಕ. ಊರಿಗೆ ಹೋಗಿ ನೋಡಿದರೆ ಎಷ್ಟೋ ಕಡೆ ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು, ಬದು ಹಾಕಿ ಉಳುತ್ತಿರುತ್ತಾರೆ, ಪೋಡಿ ಆಗಿರುವುದಿಲ್ಲ. ಮದುವೆಯಾಗಿ ಹೋದ ಮಗಳ ಪಾಲು ಯಾವ ಕಾಗದದಲ್ಲೂ ಇರುವುದಿಲ್ಲ. ನಿನ್ನ ಚೌಕದಲ್ಲಿ ಇವರಲ್ಲಿ ಯಾರನ್ನು ಕೂರಿಸುತ್ತೀಯ? ಬೆಳೆ ಪರಿಹಾರ ಯಾರ ಕೈ ಸೇರಬೇಕು ಎನ್ನುವುದು ಆ ಗೆರೆಯ ಮೇಲೇ ನಿಂತಿದೆ. ಮಾದರಿಗೆ ಒಳ್ಳೆಯದನ್ನು ಮಾಡುವ ಬಲವೂ ಅಷ್ಟೇ ಇದೆ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆಯಬೇಕೆಂಬ ನಿಯಮವನ್ನು ಕರ್ನಾಟಕದ ಭೂದಾಖಲೆ ಯೋಜನೆ ‘ಭೂಮಿ’ಯವರು ತಂತ್ರಾಂಶದೊಳಗೇ ಇಟ್ಟರಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪ್ರಭಾವಿಯ ಕಡತ ಮೇಲೆ ಜಿಗಿಯದಂತೆ ತಡೆಯಲು ಹಾಕಿದ ಗೆರೆ ಅದು.

ಈಗ ನಾಲ್ಕು ಸಾಲು ವಿವರಿಸಿದರೆ ಎಐ ಕ್ಷಣದಲ್ಲಿ ನಕ್ಷೆ ಬರೆದುಕೊಡುತ್ತದೆ. ಬರೆಸಿಕೋ, ತಪ್ಪೇನಿಲ್ಲ. ಉಳಿದ ಹೊತ್ತನ್ನು ಗ್ರಾಮ ಆಡಳಿತ ಅಧಿಕಾರಿಯ ಮೇಜಿನ ಬಳಿ, ಅರ್ಜಿ ಹಿಡಿದು ನಿಂತವರ ಜೊತೆ ಕಳೆ. ನಕ್ಷೆಯ ಪ್ರಿಂಟ್ ತೆಗೆದು, ಕೆಂಪು ಪೆನ್ನಿನೊಂದಿಗೆ ಅವರ ಕೈಗೆ ಕೊಟ್ಟು, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳು. ಓದಲು ಬಾರದವರಿಗೆ ನೀನೇ ಓದಿ ಹೇಳು. ಅವರು ತಿದ್ದಿದ್ದನ್ನು ತಾರೀಖು, ಕಾರಣ ಬರೆದು ಕೋಡ್ ಇರುವ ಕಡೆಯೇ ಇಡು. ಮುಂದೆ ನಿನ್ನ ಜಾಗಕ್ಕೆ ಬರುವ ಹುಡುಗಿ ಆ ಗೆರೆ ಯಾಕೆ ಹಾಗಿದೆ ಎಂದು ತಿಳಿಯದೆ ಅಳಿಸಿಬಿಡಬಾರದು.